ಕುಸ್ತಿ ಆಕ್ಷನ್ ಫಿಗರ್‌ಗಳು: ಪ್ರಮುಖ ಶ್ರೇಣಿಗಳ ತೌಲನಿಕ ಸಮೀಕ್ಷೆ

ದೂರದರ್ಶನದ ಮೂಲಕ ಜನಪ್ರಿಯವಾದ ವೃತ್ತಿಪರ ಕುಸ್ತಿಯ ಪಟುಗಳನ್ನು ಹೋಲುವಂತೆ ರಬ್ಬರು ಅಥವಾ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿ, ಬಣ್ಣ ಬಳಿದು, ಸಾಮಾನ್ಯವಾಗಿ ನಾಲ್ಕೂವರೆಯಿಂದ ಎಂಟು ಅಂಗುಲ ಎತ್ತರದಲ್ಲಿ ತಯಾರಿಸುವ ಗೊಂಬೆಗಳನ್ನು ಕುಸ್ತಿ ಆಕ್ಷನ್ ಫಿಗರ್‌ಗಳೆಂದು ಕರೆಯುತ್ತಾರೆ. ಇಲ್ಲಿ ಕುಸ್ತಿಯೆಂದರೆ ಗರಡಿಮನೆಯ ಮಟ್ಟಿಯಲ್ಲಿ ಪಟ್ಟು ಹಾಕಿ ಎದುರಾಳಿಯನ್ನು ಚಿತ್ ಮಾಡುವ ಸ್ಪರ್ಧೆಯಲ್ಲ. ಗೆಲುವು ಸೋಲುಗಳನ್ನು ಮೊದಲೇ ನಿಶ್ಚಯಿಸಿ, ಪ್ರತಿಯೊಬ್ಬ ಪಟುವಿಗೂ ಒಂದು ಪಾತ್ರ, ಒಂದು ವೇಷ, ಒಂದು ಪ್ರವೇಶಗೀತೆ ಮತ್ತು ತನ್ನದೇ ಆದ ಕೊನೆಯ ಪಟ್ಟನ್ನು ಕೊಟ್ಟು, ವರ್ಷವಿಡೀ ಕಥೆಯಾಗಿ ನಡೆಸಿಕೊಂಡು ಹೋಗುವ ಅಮೆರಿಕದ ರಂಗಪ್ರದರ್ಶನ. ವೇಷ, ಮೈಕಟ್ಟು ಮತ್ತು ಪಾತ್ರ ಮೂರೂ ಎದ್ದು ಕಾಣುವಂತಿರಬೇಕಾದ ಈ ಕಲೆ ಗೊಂಬೆಯ ಅಚ್ಚಿಗೆ ಸಹಜವಾಗಿ ಒದಗಿಬಂದುದರಿಂದ, 1984ರಿಂದ ಈಚೆಗೆ ಕುಸ್ತಿಪಟುಗಳ ಗೊಂಬೆಗಳು ಹೆಚ್ಚುಕಡಿಮೆ ನಿರಂತರವಾಗಿ ಮಾರುಕಟ್ಟೆಯಲ್ಲಿವೆ.

ಒಬ್ಬ ತಯಾರಕನು ಒಂದೇ ಅಳತೆ, ಒಂದೇ ರಚನೆ ಮತ್ತು ಒಂದೇ ಹೆಸರಿನಡಿ ಹೊರತರುವ ಗೊಂಬೆಗಳ ಸಮೂಹಕ್ಕೆ ಶ್ರೇಣಿಯೆಂದೂ, ಅದರೊಳಗೆ ಒಂದು ಬಾರಿಗೆ ಬಿಡುಗಡೆಯಾಗುವ ಗುಂಪಿಗೆ ಸರಣಿಯೆಂದೂ ಈ ಲೇಖನದಲ್ಲಿ ಹೇಳಲಾಗಿದೆ. ಸಂಗ್ರಾಹಕರು ಶ್ರೇಣಿಗಳನ್ನು ಹೋಲಿಸುವಾಗ ಸಾಮಾನ್ಯವಾಗಿ ಕೀಲುಗಳ ಸಂಖ್ಯೆಯನ್ನು ಮುಂದಿಡುತ್ತಾರೆ. ಕುತ್ತಿಗೆ, ಭುಜ, ಮೊಣಕೈ, ಸೊಂಟ, ಮೊಣಕಾಲು, ಕಣಕಾಲುಗಳಲ್ಲಿ ಗೊಂಬೆಯನ್ನು ಎಷ್ಟು ಕಡೆ ಬಾಗಿಸಬಹುದು, ತಿರುಗಿಸಬಹುದು ಎಂಬ ಲೆಕ್ಕವಿದು; 1964ರಲ್ಲಿ ಹ್ಯಾಸ್‌ಬ್ರೋ ಸಂಸ್ಥೆ ಹೊರತಂದ ಜಿ.ಐ. ಜೋ ಸೈನಿಕನ ಕಾಲದಿಂದಲೂ ಆಕ್ಷನ್ ಫಿಗರ್‌ಗಳ ಜಾಹೀರಾತಿನಲ್ಲಿ ಇದಕ್ಕೆ ಪ್ರಾಮುಖ್ಯವಿದೆ. ಆದರೆ ಈ ಅಳತೆಗೋಲೊಂದನ್ನೇ ಹಿಡಿದರೆ ಹಳೆಯ ಶ್ರೇಣಿಗಳೆಲ್ಲ ಹೊಸವುಗಳ ಅಪಕ್ವ ರೂಪಗಳಂತೆ ಕಾಣುತ್ತವೆ, ಅದು ಸರಿಯಲ್ಲ. ಕುಸ್ತಿಪಟುವಿನ ಯಾವ ಗುಣವನ್ನು ಗೊಂಬೆಯಲ್ಲಿ ಹಿಡಿದಿಡಬೇಕು ಎಂಬ ಪ್ರಶ್ನೆಗೆ ಒಬ್ಬೊಬ್ಬ ತಯಾರಕ ಒಂದೊಂದು ಉತ್ತರ ಕೊಟ್ಟಿದ್ದಾನೆ: ಒಬ್ಬನಿಗೆ ಅದು ದೇಹದ ಭಾರ, ಇನ್ನೊಬ್ಬನಿಗೆ ಪಟ್ಟಿನ ಚಲನೆ, ಮತ್ತೊಬ್ಬನಿಗೆ ಮುಖದ ಹೋಲಿಕೆ. ಶ್ರೇಣಿಗಳ ನಡುವಣ ನಿಜವಾದ ವ್ಯತ್ಯಾಸ ಇರುವುದು ಈ ಉತ್ತರಗಳಲ್ಲಿ.

ಎರಡನೆಯ ನಿರ್ಣಾಯಕ ಅಂಶ ಲೈಸೆನ್ಸ್. ಕುಸ್ತಿಪಟುಗಳ ಹೆಸರು, ರೂಪ ಮತ್ತು ಪಾತ್ರಗಳನ್ನು ಬಳಸುವ ಹಕ್ಕು ಹೆಚ್ಚಾಗಿ ಪ್ರದರ್ಶನವನ್ನು ನಡೆಸುವ ಕಂಪನಿಯ ಕೈಯಲ್ಲಿರುತ್ತದೆ, ಆ ಕಂಪನಿ ಅದನ್ನು ಕೆಲವು ವರ್ಷಗಳ ಮಟ್ಟಿಗೆ ಒಬ್ಬ ಆಟಿಕೆ ತಯಾರಕನಿಗೆ ಕೊಡುತ್ತದೆ. ಈ ಹಕ್ಕು ಕೈ ಬದಲಾದಾಗಲೆಲ್ಲ ಗೊಂಬೆಯ ಅಳತೆ, ಅಚ್ಚು, ಬಣ್ಣ, ಪ್ಯಾಕಿಂಗ್ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ವರ್ಲ್ಡ್ ರೆಸ್ಲಿಂಗ್ ಫೆಡರೇಷನ್, ಅಂದರೆ ಡಬ್ಲ್ಯುಡಬ್ಲ್ಯುಎಫ್, ವನ್ಯಜೀವಿ ನಿಧಿಯೊಂದಿಗಿನ ವ್ಯಾಜ್ಯದ ನಂತರ 2002ರಲ್ಲಿ ಡಬ್ಲ್ಯುಡಬ್ಲ್ಯುಇ ಎಂದು ಹೆಸರು ಬದಲಿಸಿಕೊಂಡ ಈ ಕಂಪನಿಯ ಹಕ್ಕು ಇದುವರೆಗೆ ಎಲ್‌ಜೆಎನ್, ಹ್ಯಾಸ್‌ಬ್ರೋ, ಜ್ಯಾಕ್ಸ್ ಪೆಸಿಫಿಕ್ ಮತ್ತು ಮ್ಯಾಟೆಲ್ ಎಂಬ ನಾಲ್ಕು ಪ್ರಮುಖ ತಯಾರಕರ ಕೈ ಹಾದುಬಂದಿದೆ. ಕುಸ್ತಿ ಗೊಂಬೆಗಳ ಇತಿಹಾಸವನ್ನು ಈ ನಾಲ್ಕು ಯುಗಗಳಾಗಿ ನೋಡುವುದೇ ವಾಡಿಕೆ.

ಎಲ್‌ಜೆಎನ್ ಸಂಸ್ಥೆಯ ರೆಸ್ಲಿಂಗ್ ಸೂಪರ್‌ಸ್ಟಾರ್ಸ್ ಶ್ರೇಣಿ 1984ರಲ್ಲಿ ಆರಂಭವಾಗಿ 1989ರವರೆಗೆ ನಡೆಯಿತು. ಡಬ್ಲ್ಯುಡಬ್ಲ್ಯುಎಫ್‌ಗೆ ಜನಪ್ರಿಯತೆಯ ಅಲೆ ತಂದ ಮಹಾಪ್ರದರ್ಶನವಾದ ಮೊದಲ ರೆಸಲ್‌ಮೇನಿಯಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದದ್ದು 1985ರ ಮಾರ್ಚ್ 31ರಂದು. ಹಲ್ಕ್ ಹೋಗನ್, ರಾಡಿ ಪೈಪರ್, ಆಂದ್ರೆ ದ ಜಯಂಟ್, ಐರನ್ ಶೇಖ್ ಮುಂತಾದವರ ಗೊಂಬೆಗಳು ಆ ಅಲೆಯ ಜೊತೆಯಲ್ಲೇ ಅಂಗಡಿಗಳಿಗೆ ಬಂದವು. ಸುಮಾರು ಎಂಟು ಅಂಗುಲದ, ಗಟ್ಟಿ ರಬ್ಬರಿನ ಒಂದೇ ಎರಕದ ಈ ಗೊಂಬೆಗಳಲ್ಲಿ ಒಂದು ಕೀಲೂ ಇಲ್ಲ. ಪಟು ಯಾವ ಭಂಗಿಯಲ್ಲಿ ಅಚ್ಚಾಗಿದ್ದಾನೋ ಅದೇ ಭಂಗಿಯಲ್ಲಿ ಎಂದೆಂದಿಗೂ ನಿಂತಿರುತ್ತಾನೆ. ಕೈಗೆತ್ತಿಕೊಂಡರೆ ಮೊದಲು ಅನುಭವಕ್ಕೆ ಬರುವುದು ತೂಕ, ಅಂಥದೇ ಎರಡನ್ನು ಪರಸ್ಪರ ಢಿಕ್ಕಿ ಹೊಡೆಸಿದಾಗ ಬರುವ ದಪ್ಪ ಸದ್ದು ಇಂದಿನ ಯಾವ ಗೊಂಬೆಯಿಂದಲೂ ಬರುವುದಿಲ್ಲ. ಎಲಾಸ್ಟಿಕ್ ಹಗ್ಗಗಳಿದ್ದ, ಗೊಂಬೆಗಳನ್ನು ಎಸೆದು ಬೀಳಿಸಲೆಂದೇ ಮಾಡಿದ ರಿಂಗ್ ಕೂಡ ಪ್ರತ್ಯೇಕವಾಗಿ ಮಾರಾಟವಾಗುತ್ತಿತ್ತು. ದೈತ್ಯಕಾಯರ ಕಾಲವಾಗಿದ್ದ ಆ ದಶಕದ ಕುಸ್ತಿಗೆ ಭಾರವೇ ಸಾರವಾಗಿದ್ದುದರಿಂದ, ಕೀಲಿಲ್ಲದಿರುವುದನ್ನು ಈ ಶ್ರೇಣಿಯ ಕೊರತೆಯೆಂದು ಎಣಿಸುವುದಕ್ಕಿಂತ ಅದರ ಆಯ್ಕೆಯೆಂದು ಕಾಣುವುದು ನ್ಯಾಯ.

ಈ ಶ್ರೇಣಿಯ ನಿಜವಾದ ದೌರ್ಬಲ್ಯವಿರುವುದು ಬಣ್ಣದಲ್ಲಿ. ರಬ್ಬರಿನ ಮೇಲ್ಮೈಗೆ ಬಳಿದ ಬಣ್ಣ ಉಜ್ಜಾಟಕ್ಕೆ ತಡೆಯದೆ ಮೂಗಿನ ತುದಿ, ಬೆರಳ ಗೆಣ್ಣು, ಎದೆಯ ಉಬ್ಬು, ಬೂಟಿನ ಮುಂಭಾಗಗಳಲ್ಲಿ ಮೊದಲು ಸವೆಯುತ್ತದೆ, ಆಟವಾಡಿದ ಮಗುವಿನ ಕೈ ಎಲ್ಲಿ ಹಿಡಿದಿತ್ತೆಂಬುದನ್ನು ಸವೆತವೇ ತೋರಿಸಿಕೊಡುತ್ತದೆ. ಹೀಗಾಗಿ ಬಣ್ಣ ಉಳಿದಿರುವ ಬಿಡಿ ಗೊಂಬೆಗೂ, ಅಂದರೆ ಪ್ಯಾಕಿನಿಂದ ಹೊರತೆಗೆದ ಗೊಂಬೆಗೂ, ಒಳ್ಳೆಯ ಬೆಲೆಯಿದೆ. ಪಟುಗಳಲ್ಲದವರಿಗೂ ಇಲ್ಲಿ ಸ್ಥಾನ ಸಿಕ್ಕಿತು: ಬಾಬಿ ಹೀನನ್, ಜಿಮ್ಮಿ ಹಾರ್ಟ್, ಮಿಸ್ಟರ್ ಫುಜಿಯಂಥ ಮ್ಯಾನೇಜರ್‌ಗಳು, ಒಬ್ಬ ರೆಫರಿ, ಬಟ್ಟೆಯ ಲಂಗ ತೊಟ್ಟ ಮಿಸ್ ಎಲಿಜಬೆತ್ ಮತ್ತು ನಿರೂಪಕನ ರೂಪದಲ್ಲಿ ಡಬ್ಲ್ಯುಡಬ್ಲ್ಯುಎಫ್‌ನ ಅಂದಿನ ಮಾಲೀಕ ವಿನ್ಸ್ ಮೆಕ್‌ಮಹನ್. ಕೊನೆಯ ಗೊಂಬೆಗಳು 1989ರಲ್ಲಿ ಕೆನಡಾದ ಗ್ರ್ಯಾಂಡ್ ಟಾಯ್ಸ್ ಮೂಲಕ ಕಪ್ಪು ಪ್ಯಾಕಿಂಗ್ ಕಾರ್ಡಿನ ಮೇಲೆ ಹೊರಬಂದವು. ಅಲ್ಟಿಮೇಟ್ ವಾರಿಯರ್ ಸೇರಿದಂತೆ ಆ ಗುಂಪು ಕಡಿಮೆ ಸಂಖ್ಯೆಯಲ್ಲಿ ಹಂಚಿಕೆಯಾದ ಕಾರಣ ಇಂದು ಇಡೀ ಶ್ರೇಣಿಯಲ್ಲೇ ಅತ್ಯಂತ ದುಬಾರಿಯಾದ ಗೊಂಬೆಗಳು ಅದರಲ್ಲಿವೆ.

ಇದೇ ಕಾಲದಲ್ಲಿ, 1985ರ ಸುಮಾರಿಗೆ, ರೆಮ್ಕೊ ಸಂಸ್ಥೆ ಎಡಬ್ಲ್ಯುಎ ಎಂಬ ಪ್ರತಿಸ್ಪರ್ಧಿ ಕಂಪನಿಯ ಪಟುಗಳನ್ನು ಹೊರತಂದಿತು. ಹೀ-ಮ್ಯಾನ್ ಗೊಂಬೆಗಳನ್ನು ನೆನಪಿಸುವ ಗಿಡ್ಡ, ಉಬ್ಬಿದ ಕೆಲವೇ ದೇಹದ ಅಚ್ಚುಗಳಿಗೆ ಬೇರೆಬೇರೆ ತಲೆಗಳನ್ನು ಕೂರಿಸಿದ್ದು ಇದರ ಮಿತಿ. ರೋಡ್ ವಾರಿಯರ್ಸ್, ರಿಕ್ ಫ್ಲೇರ್, ನಿಕ್ ಬಾಕ್‌ವಿಂಕಲ್ ಅವರಂಥ, ಡಬ್ಲ್ಯುಡಬ್ಲ್ಯುಎಫ್‌ನ ಹೊರಗಿದ್ದ ದೊಡ್ಡ ಹೆಸರುಗಳನ್ನು ಮೊದಲ ಬಾರಿಗೆ ಗೊಂಬೆಯಾಗಿಸಿದ್ದು ಅದರ ಹಿರಿಮೆ. ಜಪಾನಿನಲ್ಲಿ ಬಂಡಾಯ್ ತಯಾರಿಸಿದ, ಕಿನ್ನಿಕುಮಾನ್ ಎಂಬ ಚಿತ್ರಕಥೆಯ ಪಾತ್ರಗಳ ಪುಟ್ಟ ರಬ್ಬರ್ ಗೊಂಬೆಗಳನ್ನು ಮ್ಯಾಟೆಲ್ ಸಂಸ್ಥೆ 1985ರಿಂದ ಅಮೆರಿಕದಲ್ಲಿ ಮಾರಿತಾದರೂ ಅವು ಕಾಲ್ಪನಿಕ ಕುಸ್ತಿಪಟುಗಳಾದುದರಿಂದ ಈ ಸಮೀಕ್ಷೆಯ ಅಂಚಿನಲ್ಲಿ ನಿಲ್ಲುತ್ತವೆ.

ಹ್ಯಾಸ್‌ಬ್ರೋ ಶ್ರೇಣಿ 1990ರಿಂದ 1994ರವರೆಗೆ ನಡೆದದ್ದು ಐದೇ ವರ್ಷ. ಆದರೂ ಆಟಿಕೆಯ ವಿನ್ಯಾಸವಾಗಿ ನೋಡಿದರೆ ಇದುವರೆಗಿನ ಕುಸ್ತಿ ಗೊಂಬೆಗಳಲ್ಲಿ ಅತ್ಯಂತ ಚೊಕ್ಕವಾಗಿ ಯೋಚಿಸಿದ ಶ್ರೇಣಿ ಇದೇ. ಗೊಂಬೆಯ ಎತ್ತರ ಸುಮಾರು ನಾಲ್ಕೂವರೆ ಅಂಗುಲಕ್ಕೆ ಇಳಿಯಿತು, ರಬ್ಬರಿನ ಬದಲು ಗಟ್ಟಿ ಪ್ಲಾಸ್ಟಿಕ್ ಬಂತು, ಮುಖಗಳು ಸ್ವಲ್ಪ ವ್ಯಂಗ್ಯಚಿತ್ರದಂತೆ ಉತ್ಪ್ರೇಕ್ಷೆಗೊಂಡವು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯೊಂದು ಗೊಂಬೆಯೊಳಗೂ ಸ್ಪ್ರಿಂಗ್ ಅಳವಡಿಸಿ ಆ ಪಟುವಿನ ಪಟ್ಟನ್ನೇ ಯಂತ್ರವಾಗಿ ಮಾರ್ಪಡಿಸಲಾಯಿತು. ಕೆಲವು ಗೊಂಬೆಗಳ ತೋಳನ್ನು ಹಿಂದಕ್ಕೆ ಎಳೆದು ಬಿಟ್ಟರೆ ಅದು ರಪ್ಪನೆ ಮುಂದಕ್ಕೆ ಬಂದು ಎದುರಾಳಿಗೆ ಬಡಿಯುತ್ತದೆ. ಕೆಲವನ್ನು ಕಾಲಿನ ಮೇಲೆ ಒತ್ತಿ ಹಿಡಿದು ಬಿಟ್ಟರೆ ನೆಗೆದು ಮೇಲೆ ಬೀಳುತ್ತವೆ. ಇನ್ನು ಕೆಲವಕ್ಕೆ ಸೊಂಟ ತಿರುಗಿಸಿ ಬಿಟ್ಟಾಗ ಮೈಯ ಇಡೀ ಮೇಲ್ಭಾಗ ಬೀಸಿಬರುತ್ತದೆ. ಮೊದಲ ಹಲ್ಕ್ ಹೋಗನ್ ಗೊಂಬೆ ಎರಡೂ ತೋಳುಗಳಿಂದ ಎದುರಾಳಿಯನ್ನು ತಲೆಯ ಮೇಲಕ್ಕೆತ್ತುವಂತೆ ರಚಿತವಾಗಿತ್ತು, ಮತ್ತು ಪ್ರತಿ ಚಲನೆಗೂ ಪ್ಯಾಕಿನ ಮೇಲೆ ಒಂದು ಹೆಸರಿರುತ್ತಿತ್ತು. ಕೀಲುಗಳ ಲೆಕ್ಕದಲ್ಲಿ ಇವು ಬಡ ಗೊಂಬೆಗಳು, ಬೇಕಾದ ಭಂಗಿಯಲ್ಲಿ ನಿಲ್ಲಿಸಲು ಬರುವುದಿಲ್ಲ. ಆದರೆ ಕುಸ್ತಿಪಟುವನ್ನು ಉಳಿದವರಿಂದ ಬೇರ್ಪಡಿಸುವುದು ಅವನ ಪಟ್ಟು ಎಂಬ ಸತ್ಯವನ್ನು ಇಷ್ಟು ನೇರವಾಗಿ ಪ್ಲಾಸ್ಟಿಕ್ಕಿಗೆ ಇಳಿಸಿದ ಶ್ರೇಣಿ ಮತ್ತೊಂದಿಲ್ಲ.

ಹ್ಯಾಸ್‌ಬ್ರೋ ಗೊಂಬೆಗಳ ಬೆಲೆಯ ಏರಿಳಿತವೂ ಅಧ್ಯಯನಯೋಗ್ಯ. ಪಟುವೊಬ್ಬ ಕಂಪನಿ ಬಿಟ್ಟರೆ ಅವನ ಗೊಂಬೆಯ ತಯಾರಿಕೆಯೂ ಬೇಗ ನಿಲ್ಲುತ್ತಿದ್ದುದರಿಂದ, 1991ರ ಆರಂಭದಲ್ಲಿ ಹೊರನಡೆದ ಡಸ್ಟಿ ರೋಡ್ಸ್‌ನ ಗೊಂಬೆ ವಿರಳವಾಯಿತು. ಕುಸ್ತಿಯ ಜನಪ್ರಿಯತೆ ಇಳಿದಿದ್ದ 1994ರಲ್ಲಿ ಹಸಿರು ಕಾರ್ಡಿನ ಮೇಲೆ ಬಂದ ಕೊನೆಯ ಸರಣಿ, 1-2-3 ಕಿಡ್, ಆಡಮ್ ಬಾಂಬ್, ಲುಡ್ವಿಗ್ ಬೋರ್ಗಾ ಮುಂತಾದವರ ಗೊಂಬೆಗಳು, ಬಹಳಷ್ಟು ಅಂಗಡಿಗಳನ್ನು ತಲುಪಲೇ ಇಲ್ಲ. ಹೀಗೆ ದೊಡ್ಡ ತಾರೆಯಾಗಿದ್ದ ಹೋಗನ್‌ನ ಗೊಂಬೆ ಸುಲಭವಾಗಿ ಸಿಗುವಾಗ, ರಿಂಗಿನಲ್ಲಿ ಎರಡನೆಯ ಸಾಲಿನವರಾಗಿದ್ದವರ ಗೊಂಬೆಗಳು ಅದರ ಹಲವು ಪಟ್ಟು ಬೆಲೆ ಬಾಳುತ್ತವೆ. ಸಂಗ್ರಹಲೋಕದಲ್ಲಿ ಬೆಲೆಯನ್ನು ನಿರ್ಧರಿಸುವುದು ಪಟುವಿನ ಕೀರ್ತಿಗಿಂತ ಹೆಚ್ಚಾಗಿ ಹಂಚಿಕೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಇದೇ ವೇಳೆ ಗ್ಯಾಲೂಬ್ ಸಂಸ್ಥೆ 1990ರಲ್ಲಿ ಡಬ್ಲ್ಯುಸಿಡಬ್ಲ್ಯು ಎಂಬ ಇನ್ನೊಂದು ಪ್ರತಿಸ್ಪರ್ಧಿ ಕುಸ್ತಿ ಕಂಪನಿಯ ಸ್ಟಿಂಗ್, ರಿಕ್ ಫ್ಲೇರ್, ಲೆಕ್ಸ್ ಲೂಗರ್, ಸ್ಟೈನರ್ ಸಹೋದರರನ್ನು ಕೀಲಿಲ್ಲದ ಸಣ್ಣ ಗೊಂಬೆಗಳಾಗಿ ತಂದಿತು. ಕೆತ್ತನೆ ಅಚ್ಚುಕಟ್ಟಾಗಿದ್ದರೂ ಶ್ರೇಣಿ ಬಹುಕಾಲ ಬಾಳಲಿಲ್ಲ, ಕೆಲವು ಗೊಂಬೆಗಳಂತೂ ಬ್ರಿಟನ್ನಿನಲ್ಲಿ ಮಾತ್ರ ಮಾರಾಟವಾದವು.

ಜ್ಯಾಕ್ಸ್ ಪೆಸಿಫಿಕ್ ಸಂಸ್ಥೆಯ ಹಿಂದೆ ಒಂದು ಹಳೆಯ ನಂಟಿದೆ. 1970ರಲ್ಲಿ ಎಲ್‌ಜೆಎನ್ ಸ್ಥಾಪಿಸಿದ್ದ ಜ್ಯಾಕ್ ಫ್ರೀಡ್‌ಮನ್, ನಡುವೆ ವಿಡಿಯೊ ಗೇಮ್‌ಗಳ ಟಿಎಚ್‌ಕ್ಯು ಕಂಪನಿಯನ್ನೂ ಕಟ್ಟಿ, 1995ರಲ್ಲಿ ಸ್ಟೀಫನ್ ಬರ್ಮನ್ ಜೊತೆ ಸೇರಿ ಆರಂಭಿಸಿದ್ದೇ ಜ್ಯಾಕ್ಸ್. ಮೊದಲ ಸರಣಿ 1996ರಲ್ಲಿ ಬ್ರೆಟ್ ಹಾರ್ಟ್, ಶಾನ್ ಮೈಕಲ್ಸ್, ಅಂಡರ್‌ಟೇಕರ್ ಮುಂತಾದವರೊಂದಿಗೆ ಹೊರಬಂತು. ಆರು ಅಂಗುಲದ ಆಸುಪಾಸಿನ ಈ ಗೊಂಬೆಗಳ ಮೊಣಕೈ, ಮೊಣಕಾಲುಗಳನ್ನು ಬಾಗಿಸಿದರೆ ಮೂಳೆ ಮುರಿದಂತೆ ಕಟಕಟ ಸದ್ದು ಬರುತ್ತಿತ್ತು, ಬೋನ್ ಕ್ರಂಚಿಂಗ್ ಆ್ಯಕ್ಷನ್ ಎಂಬ ಹೆಸರು ಬಂದದ್ದು ಅದರಿಂದಲೇ. ಮೊದಲ ವರ್ಷಗಳ ಜ್ಯಾಕ್ಸ್ ಗೊಂಬೆಗಳ ದೇಹಗಳು ಸಪ್ಪೆ, ಕೈಕಾಲುಗಳು ಒರಟು, ಮುಖಸಾಮ್ಯ ಎಷ್ಟೋ ಸಲ ಅದೃಷ್ಟದ ಮಾತು. ಆದರೆ ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ಮತ್ತು ದ ರಾಕ್ ಕಾಲದ ಕುಸ್ತಿ ವಾರವಾರವೂ ಹೊಸ ತಿರುವು ಪಡೆಯುತ್ತಿದ್ದಾಗ, ಹೊಸ ಅಂಗಿ, ಹೊಸ ಹೆಸರು, ಹೊಸ ಪಾತ್ರ ಬಂದ ಕೆಲವೇ ತಿಂಗಳಲ್ಲಿ ಅದನ್ನು ಗೊಂಬೆಯಾಗಿಸುವ ವೇಗ ಜ್ಯಾಕ್ಸ್‌ಗೆ ಇತ್ತು. ಸನ್ನಿ, ಸೇಬಲ್, ಚೈನಾ ಅವರಂಥ ಮಹಿಳೆಯರು ನಿಯಮಿತವಾಗಿ ಗೊಂಬೆಗಳಾದದ್ದೂ ಈ ಕಾಲದಲ್ಲಿ. 1999ರ ಟೈಟನ್ ಟ್ರಾನ್ ಲೈವ್ ಶ್ರೇಣಿಯಲ್ಲಿ ಗೊಂಬೆಯನ್ನು ಪುಟ್ಟ ಪ್ರವೇಶ ವೇದಿಕೆಯ ಮೇಲೆ ನಿಲ್ಲಿಸಿದರೆ ಆ ಪಟುವಿಗೆ ಸಂಬಂಧಿಸಿದ ಧ್ವನಿ ಕೇಳಿಸುವ ವ್ಯವಸ್ಥೆಯೂ ಬಂತು.

ಡಬ್ಲ್ಯುಸಿಡಬ್ಲ್ಯು ಪಟುಗಳ ಗೊಂಬೆಗಳನ್ನು ಆಗ ಮೊದಲು ಒರಿಜಿನಲ್ ಸ್ಯಾನ್ ಫ್ರಾನ್ಸಿಸ್ಕೊ ಟಾಯ್‌ಮೇಕರ್ಸ್, 1999ರಿಂದ ಟಾಯ್ ಬಿಜ್ ತಯಾರಿಸುತ್ತಿದ್ದವು. ಮೊದಲನೆಯದರ ಗೊಂಬೆಗಳು ಬಿರುಸಾದ ರಬ್ಬರಿನ, ಕಳಪೆ ಹೋಲಿಕೆಯ ವಸ್ತುಗಳು. ಟಾಯ್ ಬಿಜ್ ಗುಣಮಟ್ಟವನ್ನು ಬಹಳವೇ ಎತ್ತರಿಸಿದರೂ 2001ರ ಮಾರ್ಚ್‌ನಲ್ಲಿ ಡಬ್ಲ್ಯುಡಬ್ಲ್ಯುಎಫ್ ಡಬ್ಲ್ಯುಸಿಡಬ್ಲ್ಯು ಕಂಪನಿಯನ್ನೇ ಕೊಂಡುಕೊಂಡಾಗ ಶ್ರೇಣಿಗೆ ಆಧಾರವೇ ಇಲ್ಲದಂತಾಯಿತು. ಸ್ಪರ್ಧೆ ಇಲ್ಲದ ಮಾರುಕಟ್ಟೆಯಲ್ಲೂ ಜ್ಯಾಕ್ಸ್ ಸುಮ್ಮನೆ ಕೂರಲಿಲ್ಲ ಎಂಬುದನ್ನು ಒಪ್ಪಬೇಕು. ಪಟುಗಳ ಮುಖವನ್ನು ಕಂಪ್ಯೂಟರಿನಿಂದ ಸ್ಕ್ಯಾನ್ ಮಾಡಿ ಅಚ್ಚು ತಯಾರಿಸುವ ವಿಧಾನವನ್ನು ಅದು ರೂಢಿಗೆ ತಂದಿತು, ರೂತ್‌ಲೆಸ್ ಅಗ್ರೆಷನ್ ಶ್ರೇಣಿಯಲ್ಲಿ ಚೆಂಡುಕೀಲುಗಳನ್ನು ಹೆಚ್ಚಿಸಿತು, 2005ರ ಡೀಲಕ್ಸ್ ಅಗ್ರೆಷನ್‌ನಲ್ಲಿ ಅವನ್ನು ಇನ್ನಷ್ಟು ಮುಂದಕ್ಕೊಯ್ದಿತು.

ಜ್ಯಾಕ್ಸ್ ಉಳಿಸಿಹೋದ ಅತಿ ದೊಡ್ಡ ಕಾಣಿಕೆ 2004ರಿಂದ 2009ರವರೆಗೆ ನಡೆದ ಕ್ಲಾಸಿಕ್ ಸೂಪರ್‌ಸ್ಟಾರ್ಸ್. ನಿವೃತ್ತರಾದ, ತೀರಿಹೋದ, ಮರೆತೇಹೋಗಿದ್ದ ಪಟುಗಳನ್ನು ಒಂದೇ ಅಳತೆಯಲ್ಲಿ, ಒಂದೇ ಶ್ರೇಣಿಯಲ್ಲಿ ಸೇರಿಸಿದ ಮೊದಲ ಯತ್ನವಿದು. ಮಕ್ಕಳಿಗಿಂತ ಹೆಚ್ಚಾಗಿ ಆ ಪಟುಗಳನ್ನು ತಮ್ಮ ಬಾಲ್ಯದಲ್ಲಿ ಕಂಡಿದ್ದ ದೊಡ್ಡವರನ್ನು ಗಮನದಲ್ಲಿಟ್ಟುಕೊಂಡ ಈ ಶ್ರೇಣಿಯ ಗೊಂಬೆಗಳಲ್ಲಿ ದೇಹದ ಅಚ್ಚುಗಳು ಮತ್ತೆಮತ್ತೆ ಬಳಕೆಯಾದುದರಿಂದ ತೆಳ್ಳನೆಯವನಿಗೂ ದಪ್ಪನೆಯವನಿಗೂ ಒಂದೇ ಎದೆ ಬಂದದ್ದುಂಟು. ಆದರೂ ವ್ಯಾಪ್ತಿಯ ದೃಷ್ಟಿಯಿಂದ ಇದನ್ನು ಮೀರಿಸುವುದು ಅದರ ನಂತರದವರಿಗೂ ಕಷ್ಟವಾಯಿತು. ಈ ಮಧ್ಯೆ ಲೈಸೆನ್ಸ್ ಪಡೆಯಲು ಲಂಚ ಕೊಡಲಾಗಿತ್ತೆಂದು ಆರೋಪಿಸಿ ಡಬ್ಲ್ಯುಡಬ್ಲ್ಯುಇ 2004ರಲ್ಲಿ ಜ್ಯಾಕ್ಸ್ ವಿರುದ್ಧ ಅಮೆರಿಕದ ಫೆಡರಲ್ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿತು. ಅದು ವಜಾ ಆಯಿತು. 2010ರಲ್ಲಿ ಹಕ್ಕು ಮ್ಯಾಟೆಲ್‌ಗೆ ಹೋಯಿತು.

ಮ್ಯಾಟೆಲ್ ಮಾಡಿದ ಮೊದಲ ಮತ್ತು ಮುಖ್ಯವಾದ ಬದಲಾವಣೆ ಪ್ರಮಾಣದ ಶಿಸ್ತು. ಜ್ಯಾಕ್ಸ್ ಕಾಲದಲ್ಲಿ ಕುಳ್ಳ ಪಟುವೂ ಎತ್ತರದ ಪಟುವೂ ಗೊಂಬೆಗಳಾಗಿ ಬಹುತೇಕ ಒಂದೇ ಎತ್ತರಕ್ಕೆ ನಿಲ್ಲುತ್ತಿದ್ದರು. ಮ್ಯಾಟೆಲ್ ನಿಜದೇಹಗಳ ಎತ್ತರದ ಅನುಪಾತವನ್ನು ಗೊಂಬೆಗಳಲ್ಲೂ ಕಾಪಾಡಿದ್ದರಿಂದ ರೇ ಮಿಸ್ಟೀರಿಯೊನನ್ನು ಬಿಗ್ ಶೋ ಪಕ್ಕದಲ್ಲಿ ನಿಲ್ಲಿಸಿದಾಗ ಟಿವಿಯಲ್ಲಿ ಕಂಡ ವ್ಯತ್ಯಾಸವೇ ಕಪಾಟಿನ ಮೇಲೂ ಕಾಣುತ್ತದೆ. ಎರಡನೆಯ ಬದಲಾವಣೆ ಒಂದೇ ಅಳತೆಯೊಳಗೆ ದರ್ಜೆಗಳನ್ನು ಮಾಡಿದ್ದು. ಬೇಸಿಕ್ ದರ್ಜೆಯ ಗೊಂಬೆಗಳಲ್ಲಿ ಕೀಲುಗಳು ಕಡಿಮೆ, ಪರಿಕರಗಳು ವಿರಳ, ಬೆಲೆ ಅಗ್ಗ. ಇಪ್ಪತ್ತಕ್ಕೂ ಹೆಚ್ಚು ಕೀಲುಗಳಿರುವ ಎಲೀಟ್ ದರ್ಜೆಯಲ್ಲಿ ಜೋಡಿ ಕೀಲಿನ ಮೊಣಕಾಲು, ಮಣಿಕಟ್ಟಿನ ಕೀಲು, ಪ್ರವೇಶದ ನಿಲುವಂಗಿ, ಚಾಂಪಿಯನ್ ಬೆಲ್ಟ್ ಮುಂತಾದವು ಸಿಗುತ್ತವೆ. 2019ರಲ್ಲಿ ರೊಂಡಾ ರೌಸಿ ಮತ್ತು ಅಲ್ಟಿಮೇಟ್ ವಾರಿಯರ್ ಗೊಂಬೆಗಳೊಂದಿಗೆ ಆರಂಭವಾದ ಅಲ್ಟಿಮೇಟ್ ಎಡಿಷನ್ ದರ್ಜೆಯಲ್ಲಿ ಬದಲಾಯಿಸಬಹುದಾದ ತಲೆಗಳು, ಹಲವು ಜೊತೆ ಕೈಗಳು, ಜೋಡಿ ಕೀಲಿನ ಮೊಣಕೈಗಳು ಬಂದವು. ಮುಖಕ್ಕೆ ಕುಂಚದ ಬದಲು ಡಿಜಿಟಲ್ ಮುದ್ರಣದಿಂದ ಬಣ್ಣ ಕೊಡುವ ಟ್ರೂ ಎಫ್‌ಎಕ್ಸ್ ವಿಧಾನ ರೂಢಿಗೆ ಬಂದ ಮೇಲೆ ಗಡ್ಡದ ನೆರಳು, ಕಣ್ಣಿನ ಹೊಳಪುಗಳಲ್ಲಿ ಬಂದ ಸುಧಾರಣೆ ಎಷ್ಟೆಂಬುದನ್ನು 2010ರ ಎಲೀಟ್ ಗೊಂಬೆಯನ್ನೂ ಅದೇ ಪಟುವಿನ ಈಚಿನ ಗೊಂಬೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ.

ಮಹಿಳಾ ಪಟುಗಳ ವಿಷಯದಲ್ಲೂ ಮ್ಯಾಟೆಲ್ ಕಾಲದ ಸಾಧನೆ ಗಮನಾರ್ಹ. 1980ರ ದಶಕದಲ್ಲಿ ಮ್ಯಾನೇಜರ್ ಪಾತ್ರಕ್ಕೆ ಸೀಮಿತವಾಗಿದ್ದ ಹೆಣ್ಣು ಗೊಂಬೆ, ಶಾರ್ಲಟ್ ಫ್ಲೇರ್, ಬೆಕಿ ಲಿಂಚ್, ಬೇಲಿ ಅವರ ಪೀಳಿಗೆಯಲ್ಲಿ ಪುರುಷರ ಗೊಂಬೆಗಳಷ್ಟೇ ಕೀಲುಗಳನ್ನೂ ಅಷ್ಟೇ ಪರಿಕರಗಳನ್ನೂ ಪಡೆಯಿತು. 2017ರಲ್ಲಿ ಇದೇ ಪಟುಗಳ ಹನ್ನೆರಡು ಅಂಗುಲದ ಫ್ಯಾಷನ್ ಗೊಂಬೆಗಳನ್ನೂ ಸಂಸ್ಥೆ ಹೊರತಂದಿತು.

ಮ್ಯಾಟೆಲ್ ವ್ಯವಸ್ಥೆಯ ಬಗ್ಗೆ ಸಂಗ್ರಾಹಕರ ದೊಡ್ಡ ತಕರಾರು ಕೃತಕ ಅಭಾವದ್ದು. ಒಂದೇ ಗೊಂಬೆಯ ವೇಷವನ್ನು ತುಸು ಬದಲಿಸಿ ಕಡಿಮೆ ಸಂಖ್ಯೆಯಲ್ಲಿ ಪೆಟ್ಟಿಗೆಗಳ ನಡುವೆ ಸೇರಿಸುವ ಪ್ರಕಾರಕ್ಕೆ ಚೇಸ್ ಎಂದು ಹೆಸರು. ಕೆಲವು ಗೊಂಬೆಗಳನ್ನು ಒಂದೇ ಅಂಗಡಿ ಸರಪಳಿಗೆ ಮೀಸಲಿಡುವುದೂ ಉಂಟು. ಮ್ಯಾನೇಜರ್, ರೆಫರಿ, ನಿರೂಪಕರ ಗೊಂಬೆಯ ಬಿಡಿಭಾಗಗಳನ್ನು ಸರಣಿಯ ಬೇರೆಬೇರೆ ಪೆಟ್ಟಿಗೆಗಳಲ್ಲಿ ಹಂಚಿ, ಎಲ್ಲವನ್ನೂ ಕೊಂಡವನಿಗಷ್ಟೇ ಆ ಗೊಂಬೆ ಪೂರ್ಣವಾಗುವಂತೆ ಮಾಡುವುದು ಇನ್ನೊಂದು ತಂತ್ರ. ಹ್ಯಾಸ್‌ಬ್ರೋ ಕಾಲದ ಅಭಾವ ಹಂಚಿಕೆಯ ಅಸ್ತವ್ಯಸ್ತತೆಯಿಂದ ತಾನಾಗಿ ಹುಟ್ಟಿದ್ದು, ಈಗಿನದು ಯೋಜಿಸಿ ಹುಟ್ಟಿಸಿದ್ದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಇಷ್ಟಾಗಿಯೂ ಹಳೆಯ ಶ್ರೇಣಿಗಳ ಮೇಲಿನ ಗೌರವವನ್ನು ಮ್ಯಾಟೆಲ್ ಉಳಿಸಿಕೊಂಡಿದೆ: 2017ರಲ್ಲಿ ಅದು ಹೊರತಂದ ರೆಟ್ರೊ ಶ್ರೇಣಿ ಹ್ಯಾಸ್‌ಬ್ರೋ ಗೊಂಬೆಗಳ ಅಳತೆ, ಮುಖಭಾವ ಮತ್ತು ಸ್ಪ್ರಿಂಗ್ ಚಲನೆಗಳನ್ನು ಅನುಸರಿಸಿ ಜಾನ್ ಸೀನಾ, ರೋಮನ್ ರೇನ್ಸ್ ಅವರಂಥ ನಂತರದ ಕಾಲದ ಪಟುಗಳನ್ನು ಆ ಹಳೆಯ ಕುಟುಂಬಕ್ಕೆ ಸೇರಿಸಿತು.

2019ರಲ್ಲಿ ಎಇಡಬ್ಲ್ಯು ಎಂಬ ಹೊಸ ಕುಸ್ತಿ ಕಂಪನಿ ಆರಂಭವಾಗಿ, ಮರುವರ್ಷ ಜ್ಯಾಜ್‌ವೇರ್ಸ್ ಸಂಸ್ಥೆ ಅದರ ಅನ್‌ರೈವಲ್ಡ್ ಶ್ರೇಣಿಯನ್ನು ಹೊರತಂದಾಗ, ಮ್ಯಾಟೆಲ್‌ಗೆ ಸಮಬಲದ ಎದುರಾಳಿಯೊಂದು ಸಿಕ್ಕಿತು. ಅಳತೆ ಹೆಚ್ಚುಕಡಿಮೆ ಎಲೀಟ್ ಗೊಂಬೆಗಳಿಗೆ ಹೊಂದುವಂಥದೇ, ಕೀಲುಗಳೂ ಧಾರಾಳ. ಆದರೆ ಮೊದಲ ಸರಣಿಗಳಲ್ಲಿ ದೇಹದ ಅನುಪಾತಗಳು ಎಲೀಟ್‌ನಷ್ಟು ಹದವಾಗಿರಲಿಲ್ಲ. ವಿಶೇಷ ಆವೃತ್ತಿಗಳ ಸಂಖ್ಯೆಯನ್ನು, ಐದು ಸಾವಿರಕ್ಕೆ ಸೀಮಿತ, ಐನೂರಕ್ಕೆ ಸೀಮಿತ ಎಂದು ಪೆಟ್ಟಿಗೆಯ ಮೇಲೆಯೇ ಮುದ್ರಿಸುವ ಜ್ಯಾಜ್‌ವೇರ್ಸ್ ಪದ್ಧತಿ ಕೊಳ್ಳುವವನ ದೃಷ್ಟಿಯಿಂದ ಹೆಚ್ಚು ಪ್ರಾಮಾಣಿಕವಾದದ್ದು. ಪಟುಗಳು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗಿಬರುವುದನ್ನು ಗೊಂಬೆಗಳ ಪೆಟ್ಟಿಗೆಗಳೇ ದಾಖಲಿಸುತ್ತವೆ. ಕೋಡಿ ರೋಡ್ಸ್ ಇದಕ್ಕೆ ಸ್ಪಷ್ಟ ನಿದರ್ಶನ: ಜ್ಯಾಕ್ಸ್‌ನಲ್ಲಿ ಯುವಪಟುವಾಗಿ, ನಂತರ ಮ್ಯಾಟೆಲ್‌ನಲ್ಲಿ, 2020ರಲ್ಲಿ ಜ್ಯಾಜ್‌ವೇರ್ಸ್‌ನ ಮೊದಲ ಸರಣಿಯಲ್ಲಿ, 2022ರಲ್ಲಿ ಡಬ್ಲ್ಯುಡಬ್ಲ್ಯುಇಗೆ ಮರಳಿದ ಮೇಲೆ ಮತ್ತೆ ಮ್ಯಾಟೆಲ್‌ನಲ್ಲಿ ಆತನ ಗೊಂಬೆಗಳು ಬಂದಿವೆ. ಹಾಗೆಯೇ ಗೊಂಬೆಯ ಗೈರುಹಾಜರಿಯೂ ದಾಖಲೆಯೇ. 2007ರ ಜೂನ್‌ನಲ್ಲಿ ಹೆಂಡತಿ ಮತ್ತು ಮಗನನ್ನು ಕೊಂದು ಆತ್ಮಹತ್ಯೆ ಮಾಡಿಕೊಂಡ ಕ್ರಿಸ್ ಬೆನ್ವಾನ ಗೊಂಬೆಗಳನ್ನು ಆಗಲೇ ಹಿಂದೆಗೆದುಕೊಳ್ಳಲಾಯಿತು, ಮ್ಯಾಟೆಲ್ ಆತನದೊಂದು ಗೊಂಬೆಯನ್ನೂ ಮಾಡಿಲ್ಲ.

ದೊಡ್ಡ ತಯಾರಕರ ಹೊರಗೂ ಉಲ್ಲೇಖಿಸಬೇಕಾದ ಶ್ರೇಣಿಗಳಿವೆ. ಸ್ಟಾರ್ಮ್ ಕಲೆಕ್ಟಿಬಲ್ಸ್ ಮತ್ತು ಸೂಪರ್7 ಸಂಸ್ಥೆಗಳು ನ್ಯೂ ಜಪಾನ್ ಪ್ರೊ-ರೆಸ್ಲಿಂಗ್ ಪಟುಗಳನ್ನು ದುಬಾರಿ ದರ್ಜೆಯಲ್ಲಿ ತಂದಿವೆ. ಮೆಕ್ಸಿಕೊದ ಸಂತೆಗಳಲ್ಲಿ ಮುಖವಾಡ ತೊಟ್ಟ ಲುಚಡೋರ್ ಪಟುಗಳ ಅಗ್ಗದ, ಕೀಲಿಲ್ಲದ ಪ್ಲಾಸ್ಟಿಕ್ ಗೊಂಬೆಗಳು ಹಲವು ತಲೆಮಾರುಗಳಿಂದ ಮಾರಾಟವಾಗುತ್ತಿವೆ. ಸಂಗ್ರಾಹಕರ ಪಟ್ಟಿಗಳಲ್ಲಿ ಅವಕ್ಕೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲ. ಪಟುಗಳೂ ಸಂಗ್ರಾಹಕರೂ ಆಗಿರುವ ಮ್ಯಾಟ್ ಕಾರ್ಡೋನಾ ಮತ್ತು ಬ್ರಯನ್ ಮೈಯರ್ಸ್ ತಮ್ಮ ಪಾಡ್‌ಕಾಸ್ಟ್ ಮೂಲಕ ಈ ಹವ್ಯಾಸಕ್ಕೆ ದೊಡ್ಡ ಬಳಗವನ್ನು ಕಟ್ಟಿದ್ದಲ್ಲದೆ ಎಲ್‌ಜೆಎನ್ ಶೈಲಿಯ ದಪ್ಪ ರಬ್ಬರ್ ಗೊಂಬೆಗಳನ್ನು ಮತ್ತೆ ತಯಾರಿಸುವಲ್ಲೂ ಪಾತ್ರ ವಹಿಸಿದ್ದಾರೆ.

ಬಾಳಿಕೆಯ ದೃಷ್ಟಿಯಿಂದ ಶ್ರೇಣಿಗಳ ಕ್ರಮ ತಲೆಕೆಳಗಾಗುತ್ತದೆ. ಎಲ್‌ಜೆಎನ್ ಗೊಂಬೆಗೆ ಬಣ್ಣ ಸವೆಯುವುದಷ್ಟೇ ರೋಗ, ಮುರಿಯಲು ಅದರಲ್ಲಿ ಏನೂ ಇಲ್ಲ. ಹ್ಯಾಸ್‌ಬ್ರೋ ಗೊಂಬೆಯ ಸ್ಪ್ರಿಂಗ್ ಸೋತರೆ ಅದರ ಜೀವವೇ ಹೋದಂತೆ, ಆದ್ದರಿಂದ ಬಿಡಿ ಗೊಂಬೆ ಕೊಳ್ಳುವವರು ಮೊದಲು ಪರೀಕ್ಷಿಸುವುದು ಅದನ್ನೇ. ಜ್ಯಾಕ್ಸ್ ಗೊಂಬೆಗಳ ಕೀಲುಗಳು ಕಾಲಕ್ರಮದಲ್ಲಿ ಸಡಿಲವಾಗಿ ಗೊಂಬೆ ತನ್ನ ಕಾಲ ಮೇಲೆ ನಿಲ್ಲಲಾರದೆ ಹೋಗುತ್ತದೆ. ಕೀಲು ಹೆಚ್ಚಿದಷ್ಟೂ ಮುರಿಯುವ ಜಾಗಗಳೂ ಹೆಚ್ಚು ಎಂಬ ನಿಯಮ ಎಲೀಟ್ ಮತ್ತು ಅಲ್ಟಿಮೇಟ್ ದರ್ಜೆಗಳಿಗೂ ಅನ್ವಯಿಸುತ್ತದೆ. ಪ್ಯಾಕ್ ಬಿಚ್ಚದೆ ಇಟ್ಟುಕೊಳ್ಳುವವರಿಗೆ ಶತ್ರು ಬಿಸಿಲು: ಕಾರ್ಡಿನ ಮೇಲೆ ಗೊಂಬೆಯನ್ನು ಮುಚ್ಚಿರುವ ಪಾರದರ್ಶಕ ಬಬಲ್ ಹಳದಿಗಟ್ಟುತ್ತದೆ, ಅದರ ಅಂಟು ಬಿಡುತ್ತದೆ, ಕಾರ್ಡಿನ ಬಣ್ಣ ಮಾಸುತ್ತದೆ. ಬೆಲೆಬಾಳುವ ಗೊಂಬೆಗಳ ಸ್ಥಿತಿಯನ್ನು ಪರೀಕ್ಷಿಸಿ, ಅಂಕ ಕೊಟ್ಟು, ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಮುದ್ರೆ ಹಾಕಿ ಕೊಡುವ ಗ್ರೇಡಿಂಗ್ ಸಂಸ್ಥೆಗಳು ಅಮೆರಿಕದಲ್ಲಿವೆ. ಹಳೆಯ ಗೊಂಬೆಯನ್ನು ಹೊಸದಾಗಿ ಮುದ್ರಿಸಿದ ಕಾರ್ಡಿಗೆ ಅಂಟಿಸಿ ಬಿಚ್ಚದ ಪ್ಯಾಕೆಂದು ಮಾರುವ ವಂಚನೆ ನಡೆಯುವುದರಿಂದ ಇಂಥ ಪರೀಕ್ಷೆಗೆ ಅರ್ಥವಿದೆ.

ಭಾರತದಲ್ಲಿ ಈ ಹವ್ಯಾಸ ತಡವಾಗಿ ಬೇರೂರಿತು. 1990ರ ದಶಕದಲ್ಲಿ ಕೇಬಲ್ ಟಿವಿಯಲ್ಲಿ ಡಬ್ಲ್ಯುಡಬ್ಲ್ಯುಎಫ್ ನೋಡಿದ ಕರ್ನಾಟಕದ ಮಕ್ಕಳ ಕೈಗೆ ಸಿಕ್ಕದ್ದು ಹೆಚ್ಚಾಗಿ ಗೊಂಬೆಯಲ್ಲ, ಪಟುಗಳ ಎತ್ತರ, ತೂಕ, ಎದೆಯ ಸುತ್ತಳತೆ, ರ‍್ಯಾಂಕ್‌ಗಳನ್ನು ಮುದ್ರಿಸಿದ್ದ ಟ್ರಂಪ್ ಕಾರ್ಡುಗಳು. 2002ರಲ್ಲಿ ಟೆನ್ ಸ್ಪೋರ್ಟ್ಸ್ ಆರಂಭವಾದ ಮೇಲೆ, ಅದರಲ್ಲೂ 2007ರಲ್ಲಿ ಹಿಮಾಚಲ ಪ್ರದೇಶ ಮೂಲದ ದ ಗ್ರೇಟ್ ಖಲಿ ವಿಶ್ವ ಹೆವಿವೇಟ್ ಚಾಂಪಿಯನ್ ಆದ ಮೇಲೆ ಪ್ರೇಕ್ಷಕರು ಹೆಚ್ಚಿದರು. ಖಲಿಯ ಗೊಂಬೆಗಳನ್ನು ಜ್ಯಾಕ್ಸ್ ಮತ್ತು ಮ್ಯಾಟೆಲ್ ಎರಡೂ ಮಾಡಿವೆ. 2025ರ ಏಪ್ರಿಲ್‌ನಿಂದ ಡಬ್ಲ್ಯುಡಬ್ಲ್ಯುಇ ಪ್ರದರ್ಶನಗಳು ಭಾರತದಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಲಭ್ಯವಾಗಿವೆ. ಆದರೆ ಗೊಂಬೆಗಳ ಮಟ್ಟಿಗೆ ತೊಡಕುಗಳು ಹೆಚ್ಚಿವೆ: ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ ಶೇ 60ಕ್ಕೂ 2023ರಲ್ಲಿ ಶೇ 70ಕ್ಕೂ ಏರಿತು, 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಸುರಕ್ಷತೆಯ ದೃಷ್ಟಿಯಿಂದ ಈ ನಿಯಮ ಒಳ್ಳೆಯದೇ ಆದರೂ, ಎಲೀಟ್ ದರ್ಜೆಯ ಗೊಂಬೆಯನ್ನು ವಿದೇಶದಿಂದ ತರಿಸಿಕೊಳ್ಳುವುದು ಬೆಂಗಳೂರಿನ ಸಂಗ್ರಾಹಕನಿಗೂ ದುಬಾರಿಯ ಕೆಲಸ.

ಒಟ್ಟು ಶ್ರೇಣಿಗಳಲ್ಲಿ ಯಾವುದು ಉತ್ತಮ ಎಂಬ ಪ್ರಶ್ನೆಗೆ ಉತ್ತರ ಕೊಳ್ಳುವವನ ಉದ್ದೇಶವನ್ನು ಅವಲಂಬಿಸಿದೆ. ಪಟುವಿನ ರೂಪವನ್ನು ನಿಷ್ಠೆಯಿಂದ ಕಪಾಟಿನಲ್ಲಿ ಕಾಪಾಡಬೇಕೆನ್ನುವವರಿಗೆ ಮ್ಯಾಟೆಲ್‌ನ ಎಲೀಟ್ ಶ್ರೇಣಿಗೆ ಸಾಟಿಯಿಲ್ಲ, ಅಲ್ಟಿಮೇಟ್ ಎಡಿಷನ್‌ಗೆ ಕೊಡುವ ಹೆಚ್ಚುವರಿ ಹಣಕ್ಕೆ ತಕ್ಕ ಫಲ ಎಲ್ಲ ಪಟುಗಳ ವಿಷಯದಲ್ಲೂ ಸಿಗುವುದಿಲ್ಲ. ಹಳೆಯ ಕಾಲದ ಪಟುಗಳನ್ನು ಸಾಲಾಗಿ ಕೂಡಿಸಬೇಕೆನ್ನುವವರು ಮೊದಲು ಜ್ಯಾಕ್ಸ್‌ನ ಕ್ಲಾಸಿಕ್ ಸೂಪರ್‌ಸ್ಟಾರ್ಸ್ ಕಡೆ ನೋಡಬೇಕು. ಆ ಶ್ರೇಣಿಯ ಬಹುಪಾಲು ಬಿಡಿ ಗೊಂಬೆಗಳು ಇಂದಿಗೂ ಕೈಗೆಟುಕುವ ಬೆಲೆಯಲ್ಲಿವೆ. ಮಗುವಿನ ಕೈಗೆ ಕೊಡಲು ಮಾತ್ರ ಹ್ಯಾಸ್‌ಬ್ರೋ ಗೊಂಬೆಯೂ ಅದನ್ನು ಅನುಸರಿಸಿದ ರೆಟ್ರೊ ಗೊಂಬೆಯೂ ಉಳಿದೆಲ್ಲವುಗಳಿಗಿಂತ ಮೇಲು.